ಆಲಿಸ್‌ಳನ್ನು ಆಲಿಸುವುದು ಹೇಗೆ?

ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕರೊಬ್ಬರು 1862ರ ಜುಲೈ 4ರಂದು ದೋಣಿಯಲ್ಲಿ ಕುಳಿತು ಮೂವರು ಹುಡುಗಿಯರಿಗೆ ಆಗಿಂದಾಗಲೇ ಹೆಣೆದು ಹೇಳಿದ ಕಥೆಯೇ, 1865ರಲ್ಲಿ ಲೂಯಿಸ್ ಕ್ಯಾರಲ್ ಎಂಬ ಕಾವ್ಯನಾಮದಡಿ ಪುಸ್ತಕವಾದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಬಾಯಿಂದ ಕಿವಿಗೆ ಸಾಗಿದ ಮೇಲಷ್ಟೇ ಕಾಗದಕ್ಕಿಳಿದ ಕಥೆ ಇದಾದ್ದರಿಂದ, ಇದನ್ನು ಆಡಿಯೊ ಪುಸ್ತಕವಾಗಿ ಕೇಳುವುದನ್ನು ಓದಿನ ಸೋಮಾರಿತನವೆಂದು ಯಾರೂ ಎಣಿಸಬೇಕಾಗಿಲ್ಲ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದ ಮೈಸೂರಿನವರಿಗಂತೂ ಕಿವಿಯಿಂದ ಕಥೆ ಕೇಳುವ ರೂಢಿ ಹೊಸದೇನಲ್ಲ.

ಮೊದಲ ಕೆಲಸ ಧ್ವನಿಮುದ್ರಣದ ಆಯ್ಕೆ. ಮೂಲ ಕೃತಿಯ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಹಲವು ಆವೃತ್ತಿಗಳು ಸಿಗುತ್ತವೆ. ಸ್ವಯಂಸೇವಕರು ಓದುವ ಲಿಬ್ರಿವಾಕ್ಸ್ ತಾಣದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ಪೂರ್ಣ ಪಾಠದಲ್ಲಿ 12 ಅಧ್ಯಾಯಗಳಿದ್ದು, ಕೇಳಲು ಸುಮಾರು ಮೂರು ಗಂಟೆ ಬೇಕು. ಒಂದೇ ಗಂಟೆಯಲ್ಲಿ ಮುಗಿಯುವುದಾದರೆ ಅದು ಸಂಕ್ಷೇಪವೆಂದು ತಿಳಿದು ಬದಿಗಿಡಿ. ಅಧ್ಯಾಯಕ್ಕೊಬ್ಬ ವಾಚಕರಿರುವ ಆವೃತ್ತಿ ಮಕ್ಕಳನ್ನು ಗೊಂದಲಕ್ಕೀಡುಮಾಡುವುದರಿಂದ, ಒಬ್ಬರೇ ಓದಿದ್ದು ಲೇಸು. ವಾಚಕರನ್ನು ಪರೀಕ್ಷಿಸಲು ಏಳನೆಯ ಅಧ್ಯಾಯದ ಚಹಾಕೂಟವನ್ನು ಕಣ್ಣುಮುಚ್ಚಿ ಕೇಳಿ: ಆಲಿಸ್, ಟೋಪಿಯವ, ಮೊಲ, ತೂಕಡಿಸುವ ಇಲಿ, ಈ ನಾಲ್ವರಲ್ಲಿ ಯಾರ ಮಾತೆಂಬುದು ತಿಳಿಯದಿದ್ದರೆ ಬೇರೆ ಧ್ವನಿ ಹುಡುಕಿ.

ಬಳಿಕ ಇಡೀ ಪುಸ್ತಕವನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗುವಷ್ಟರಲ್ಲಿ ಎರಡು ಮೂರು ಅಧ್ಯಾಯ ಕೇಳಬಹುದು, ನೆಟ್‌ವರ್ಕ್ ನಂಬಿದರೆ ಅದೂ ಆಗದು. ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಅಲ್ಲಿ ಇಯರ್‌ಫೋನ್ ಇರಲಿ. ಮನೆಯಲ್ಲಾದರೆ ಸ್ಪೀಕರ್ ಹಾಕಿ ಎಲ್ಲರೂ ಕೂತು ಕೇಳಿ.

ಕನ್ನಡ ಮಾಧ್ಯಮದ ಮಗುವಾದರೆ, ಪ್ರತಿ ಅಧ್ಯಾಯಕ್ಕೂ ಮುನ್ನ ಅದರ ಸಾರವನ್ನು ಎರಡು ಮೂರು ಮಾತಿನಲ್ಲಿ ಕನ್ನಡದಲ್ಲಿ ಹೇಳಿ, ಕೊನೆಯನ್ನು ಮಾತ್ರ ಬಿಟ್ಟುಕೊಡಬೇಡಿ. ವೇಗವನ್ನು 0.9ಕ್ಕೆ ಇಳಿಸಿದರೆ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ.

ನಿಲ್ಲಿಸಿ ನಿಲ್ಲಿಸಿ ಕೇಳಬೇಕಾದದ್ದು ಶ್ಲೇಷೆ ಬಂದಲ್ಲಿ. ಮೂರನೆಯ ಅಧ್ಯಾಯದಲ್ಲಿ ಇಲಿಯು ತನ್ನದು ಉದ್ದನೆಯ ‘ಟೇಲ್’ ಎಂದು ಕಥೆಯ ಬಗ್ಗೆ ಹೇಳಿದರೆ, ಆಲಿಸ್ ಅದರ ಬಾಲವನ್ನು ನೋಡುತ್ತಾಳೆ. ಕಾಗುಣಿತ ಬೇರೆಯಾದರೂ ಉಚ್ಚಾರ ಒಂದೇ ಆದ್ದರಿಂದ ಕೇಳುವವರೂ ಆಲಿಸ್‌ಳಂತೆಯೇ ಎಡವುತ್ತಾರೆ. ಒಂಬತ್ತನೆಯ ಅಧ್ಯಾಯ ಇನ್ನೂ ಸೊಗಸು. ಕಡಲಾಮೆಯಾದ ಮೇಷ್ಟರನ್ನು ‘ಟಾರ್ಟಾಯ್ಸ್’ ಎಂದು ಕರೆಯುತ್ತಿದ್ದುದೇಕೆ ಎಂಬ ಪ್ರಶ್ನೆಗೆ, ಅವರು ನಮಗೆ ಕಲಿಸಿದರಲ್ಲ, ಅದಕ್ಕೆ ಎಂಬ ಉತ್ತರ ಬರುತ್ತದೆ. ನಾವು ಶಾಲೆಯಲ್ಲಿ ಕಲಿತ ಉಚ್ಚಾರದಲ್ಲಿ ಈ ತಮಾಷೆ ದಕ್ಕುವುದೇ ಇಲ್ಲ. ಇಂಗ್ಲೆಂಡಿನ ವಾಚಕರು ಅದನ್ನು ‘ಟಾಟಸ್’ ಎಂದಾಗ, ‘ನಮಗೆ ಕಲಿಸಿದರು’ ಎಂಬರ್ಥದ ‘ಟಾಟ್ ಅಸ್’ ತಾನಾಗಿಯೇ ಕೇಳಿಸುತ್ತದೆ. ಕಣ್ಣಿನಲ್ಲಿ ಹತ್ತು ಸಲ ಓದಿಯೂ ನನಗೆ ಹೊಳೆಯದಿದ್ದುದು ಕಿವಿಗೆ ಬಿದ್ದ ಒಂದೇ ಸಲಕ್ಕೆ ಹೊಳೆಯಿತು. ಮೊದಲ ದಿನ ಹತ್ತು ಗಂಟೆ, ಮರುದಿನ ಒಂಬತ್ತು ಎಂದು ಇಳಿಯುವ ಪಾಠದ ವೇಳಾಪಟ್ಟಿಯೂ ಅಲ್ಲಿಯೇ ಇದೆ. ಪಾಠ ಎಂಬುದಕ್ಕೂ ಕಡಿಮೆಯಾಗು ಎಂಬುದಕ್ಕೂ ‘ಲೆಸನ್’ ಎಂದೇ ಉಚ್ಚರಿಸುವುದು ಅದರ ಗುಟ್ಟು.

ಕಿವಿಗೆ ನಿಲುಕದ್ದೂ ಒಂದಿದೆ. ಇಲಿಯ ಕಥೆಯ ಸಾಲುಗಳನ್ನು ಪುಸ್ತಕದಲ್ಲಿ ಬಾಲದಂತೆ ಅಂಕುಡೊಂಕಾಗಿ ಅಚ್ಚು ಮಾಡಲಾಗಿದೆ. ಆ ಪುಟವನ್ನೂ ಜಾನ್ ಟೆನಿಯಲ್ ಬರೆದ 42 ಚಿತ್ರಗಳನ್ನೂ ಅಧ್ಯಾಯ ಕೇಳಿಯಾದ ಮೇಲೆ ತೋರಿಸಿ, ಮೊದಲೇ ತೋರಿಸಿದರೆ ಮಗು ತನ್ನದೇ ಮೊಲವನ್ನು ಕಲ್ಪಿಸಿಕೊಳ್ಳುವುದಿಲ್ಲ.

ಇಂಗ್ಲಿಷ್ ಇನ್ನೂ ಬಾರದ ಚಿಕ್ಕವರಿಗೆ, ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ನಾ. ಕಸ್ತೂರಿಯವರು ಇದೇ ಕಥೆಯನ್ನು ಕನ್ನಡಕ್ಕೆ ತಂದ ‘ಪಾತಾಳದಲ್ಲಿ ಪಾಪಚ್ಚಿ’ ಇದೆ. ಅಜ್ಜಿಯೋ ತಾತನೋ ಅದನ್ನು ಓದುವಾಗ ಮೊಬೈಲಿನಲ್ಲಿ ದಿನಕ್ಕೊಂದು ಅಧ್ಯಾಯ ಮುದ್ರಿಸಿಕೊಳ್ಳಿ. ಮೊಬೈಲನ್ನು ಬಾಯಿಗೆ ಒಂದು ಗೇಣು ದೂರದಲ್ಲಿಡಿ, ಫ್ಯಾನ್ ಆರಿಸಿ, ಅಡುಗೆ ಮುಗಿದ ಹೊತ್ತನ್ನು ಆರಿಸಿಕೊಳ್ಳಿ. ನಮ್ಮ ಮನೆಯ ಮುದ್ರಣದಲ್ಲಿ ಪಾಪಚ್ಚಿ ಬಿಲದೊಳಗೆ ಬೀಳುತ್ತಿರುವಾಗಲೇ ಕುಕ್ಕರ್ ಮೂರು ಸಲ ಕೂಗಿದೆ. ಕಸ್ತೂರಿಯವರ ಕೃತಿಗೆ ಹಕ್ಕುಸ್ವಾಮ್ಯ ಇನ್ನೂ ಇರುವುದರಿಂದ ಈ ಮುದ್ರಣವನ್ನು ಜಾಲತಾಣಗಳಿಗೆ ಏರಿಸದೆ ಮನೆಯವರಷ್ಟೇ ಕೇಳಿ.