‘ಅಣಬೆ ಮೋಡ’ ಎಂದು ಯಾವಾಗ ಬರೆಯಬೇಕು?

ಇಂಗ್ಲಿಷಿನ ‘ಮಶ್ರೂಮ್ ಕ್ಲೌಡ್’ ಕನ್ನಡದಲ್ಲಿ ‘ಅಣಬೆ ಮೋಡ’. ಇದು ಆಕಾರದ ಹೆಸರು, ಬಾಂಬಿನದಲ್ಲ. ‘ಅಣಬೆ’ಯ ಸದ್ದು ‘ಅಣು’ವಿಗೆ ಹತ್ತಿರ ಇರುವುದರಿಂದ ಕೈತಪ್ಪಿ ‘ಅಣು ಮೋಡ’ ಆಗಿಬಿಡುವುದುಂಟು. ಹಾಗಾದರೆ ಅರ್ಥವೇ ಕೆಟ್ಟಿತು.

ಸ್ಫೋಟದಲ್ಲಿ ಕಾದ ಅನಿಲದ ಉಂಡೆ ಸುತ್ತಲಿನ ಗಾಳಿಗಿಂತ ಹಗುರ, ಹಾಗಾಗಿ ಸರ್ರನೆ ಮೇಲೇರುತ್ತದೆ. ಏರುತ್ತ ಏರುತ್ತ ಅದರ ಅಂಚು ಹೊರಕ್ಕೆ ಮಗುಚಿ, ಕೆಳಗಿನಿಂದ ಮತ್ತೆ ಒಳಕ್ಕೆ ಸುತ್ತಿಕೊಂಡು ಬಳೆಯಂತಾಗುತ್ತದೆ. ನಡುವಿನ ಸೆಳೆತಕ್ಕೆ ನೆಲದ ದೂಳು, ಹೊಗೆ ಕಂಬದ ಹಾಗೆ ಏಳುತ್ತವೆ. ಇದು ಅಣಬೆಯ ಕಾಂಡ. ಸುತ್ತಲಿನ ಗಾಳಿಗಿಂತ ಹಗುರಾಗಿ ಉಳಿಯದ ಎತ್ತರ ಮುಟ್ಟಿದಾಗ ಏರಿಕೆ ನಿಂತು, ಮೋಡ ಅಡ್ಡಕ್ಕೆ ಹರಡಿ ಕೊಡೆಯಾಗುತ್ತದೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆದ್ದ ಮೋಡ 18 ಕಿ.ಮೀ. ದಾಟಿತ್ತು. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಸಿಡಿಸಿದ ‘ತ್ಸಾರ್ ಬಾಂಬಾ’ ಎಂಬ ಹೈಡ್ರೋಜನ್ ಬಾಂಬಿನ ಮೋಡ 60 ಕಿ.ಮೀ. ಮೀರಿತು.

ಸಾಕಷ್ಟು ಬಿಸಿ ಒಂದೇ ಏಟಿಗೆ ಹೊಮ್ಮಿದರೆ ಆಯಿತು, ಅಣಬೆ ಮೋಡಕ್ಕೆ ಅಣುಬಾಂಬೇ ಬೇಕಿಲ್ಲ. ಜ್ವಾಲಾಮುಖಿಯಿಂದಲೂ ಅಣಬೆ ಏಳುತ್ತದೆ. ಲೆಬನಾನಿನ ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ಸಿಡಿದದ್ದು ಗೊಬ್ಬರಕ್ಕೂ ಸ್ಫೋಟಕಕ್ಕೂ ಬಳಸುವ ಅಮೋನಿಯಂ ನೈಟ್ರೇಟಿನ ಸುಮಾರು 2,750 ಟನ್ ದಾಸ್ತಾನು. ಅಲ್ಲಿ ಕ್ಷಣಮಾತ್ರ ಕಂಡ ಬಿಳಿ ಗುಮ್ಮಟ ಆಘಾತದ ಅಲೆಯ ಹಿಂದೆ ತೇವಾಂಶ ಹನಿಗಟ್ಟಿದ್ದು. ಹೊಗೆಯ ಕೆಂಗಂದು ಬಣ್ಣ ನೈಟ್ರೋಜನ್ ಡೈಆಕ್ಸೈಡ್ ಅನಿಲದ್ದು. ವಿಡಿಯೊ ನೋಡಿದ ಕೂಡಲೇ ಅಣುಬಾಂಬ್ ಎಂದವರು ಎಡವಿದ್ದು ಇಲ್ಲೇ. ತದ್ವಿರುದ್ಧವೂ ನಿಜ: ನೆಲದಾಳದಲ್ಲಿ ಭದ್ರವಾಗಿ ಮುಚ್ಚಿ ನಡೆಸಿದ ಅಣುಪರೀಕ್ಷೆಯಲ್ಲಿ ಅಣಬೆ ಮೋಡ ಏಳುವುದಿಲ್ಲ. ಅಂಥ ಸುದ್ದಿಗೆ ಅದರ ಚಿತ್ರ ಹಾಕಬೇಡಿ.

ಬರೆಯುವಾಗ ಕ್ರಿಯಾಪದವನ್ನೂ ನೋಡಿಕೊಳ್ಳಿ. ಅಣಬೆ ಮೋಡ ‘ಏಳುತ್ತದೆ’, ‘ಹರಡುತ್ತದೆ’. ಅದು ‘ಸಿಡಿಯುತ್ತದೆ’ ಎನ್ನಬೇಡಿ, ಸಿಡಿಯುವುದು ಬಾಂಬು. ಕಾಂಡ, ಕೊಡೆಗಳ ಆಕಾರ ಕಾಣದಿದ್ದರೆ ‘ದಟ್ಟ ಹೊಗೆ’ ಎಂದರೆ ಸಾಕು. ಸಾಮಾನ್ಯ ಅಗ್ನಿ ಅವಘಡಕ್ಕೆಲ್ಲ ಈ ಪದ ಅಂಟಿಸುವುದು ಅತಿಯಾಯಿತು. ‘ನಾಯಿಕೊಡೆ ಮೋಡ’ವೂ ಬೇಡ. ಕಂಡಕಂಡಲ್ಲಿ ಹುಟ್ಟಿಕೊಳ್ಳುವುದಕ್ಕೆ ‘ನಾಯಿಕೊಡೆಗಳಂತೆ ತಲೆ ಎತ್ತಿವೆ’ ಎನ್ನುವ ರೂಢಿ ಇರುವುದರಿಂದ ಓದುಗರ ಮನಸ್ಸು ಅತ್ತ ಹೊರಳುತ್ತದೆ. ಇಂಗ್ಲಿಷಿನಲ್ಲಿ ‘ಮಶ್ರೂಮ್ ಕ್ಲೌಡಿನ ನೆರಳು’ ಎಂದಿದ್ದರೆ ಅದು ರೂಪಕ. ‘ಅಣಬೆ ಮೋಡದ ನೆರಳು’ ಎಂದು ಕಕ್ಕಾಬಿಕ್ಕಿ ಮಾಡದೆ ‘ಅಣುಯುದ್ಧದ ಭೀತಿ’ ಎಂದುಬಿಡಿ.