ರೇಸಿಗೆ 17.5 ಮೋಟರ್ ಹದ ಮಾಡುವುದು: ನನ್ನ ಅನುಭವ

ಆರ್‌ಸಿ (ರಿಮೋಟಿನಿಂದ ಓಡಿಸುವ) ಕಾರ್ ರೇಸಿಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಅಣ್ಣಾ, ಟೈಮಿಂಗ್ ಎಷ್ಟು ಇಟ್ಟಿದ್ದೀರಾ?' ಅಂದರೆ ಮೋಟರಿನ ಕಾಯಿಲ್‌ಗೆ ಕರೆಂಟ್ ಎಷ್ಟು ಡಿಗ್ರಿ ಮೊದಲೇ ಹೊರಡುತ್ತದೆ ಅಂತ. ನಾನು ಹೇಳುತ್ತೇನೆ. ಮುಚ್ಚಿಡೋದು ಏನೂ ಇಲ್ಲ. ಆದರೆ ಆ ಸಂಖ್ಯೆಯೊಂದರಿಂದಲೇ ಅವರಿಗೆ ಏನೂ ಸಿಗುವುದಿಲ್ಲ. ಪಿನಿಯನ್‌ಗೆ (ಮೋಟರ್ ಶಾಫ್ಟಿನ ಮೇಲಿನ ಸಣ್ಣ ಗೇರ್) ಎಷ್ಟು ಹಲ್ಲು, ರೇಸ್ ಮುಗಿದಾಗ ಮೋಟರ್ ಎಷ್ಟು ಬಿಸಿ, ಇವೆರಡನ್ನೂ ಕೇಳಬೇಕು. ಮೂರೂ ಸೇರಿದರೇ ಉತ್ತರ.

ನಾನು ಬೆಂಗಳೂರಿನಲ್ಲಿ ಮಣ್ಣಿನ ಟ್ರ್ಯಾಕ್ ಮೇಲೆ 1:10 ಅಳತೆಯ ಎರಡು ಚಕ್ರ ಚಾಲನೆಯ ಬಗ್ಗಿ ಓಡಿಸುತ್ತೇನೆ. ಮೋಟರ್ 540 ಸೈಜಿನ 17.5 ಟರ್ನ್ ಸೆನ್ಸರ್ಡ್ ಬ್ರಶ್‌ಲೆಸ್: ಒಳಗೆ ಬ್ರಶ್ ಇಲ್ಲ, ಸೆನ್ಸರ್ ಇದೆ. ಬ್ಯಾಟರಿ ಎರಡು ಸೆಲ್ಲಿನ ಲೈಪೊ, ತುಂಬಿದಾಗ 8.4 ವೋಲ್ಟ್. ಸ್ಪೀಡ್ ಕಂಟ್ರೋಲರ್ (ಮೋಟರಿಗೆ ಕರೆಂಟ್ ಹಂಚುವ ಪೆಟ್ಟಿಗೆ) 'ಬ್ಲಿಂಕಿ' ಮೋಡಿನಲ್ಲಿ ಇರಬೇಕು. ಅಂದರೆ ಅದು ತಾನಾಗಿ ಟೈಮಿಂಗ್ ಏರಿಸುವ ಹಾಗಿಲ್ಲ. ಏರಿಸುತ್ತಿಲ್ಲ ಅಂತ ಎಲ್ಲರಿಗೂ ಕಾಣಲಿ ಅಂತಲೇ ಅದರ ಲೈಟು ಮಿನುಗುತ್ತಾ ಇರುತ್ತದೆ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಮೋಟರ್ ಮತ್ತು ಗೇರ್ ಮಾತ್ರ. ನನಗೆ ಈ ಕ್ಲಾಸ್ ಇಷ್ಟವಾಗಲು ಕಾರಣವೂ ಅದೇ.

ಮೋಟರಿನ ಮೂರು ಫೇಸುಗಳಲ್ಲಿ (ಕಾಯಿಲ್ ಗುಂಪು) ಒಂದೊಂದಕ್ಕೂ ಹದಿನೇಳೂವರೆ ಸುತ್ತು ತಂತಿ, ಅದಕ್ಕೇ 17.5. ಸುತ್ತು ಜಾಸ್ತಿಯಾದಷ್ಟೂ ವೇಗ ಕಡಿಮೆ. ಈ ಮೋಟರ್ ಒಂದು ವೋಲ್ಟಿಗೆ ನಿಮಿಷಕ್ಕೆ ಸುಮಾರು 2200 ಸುತ್ತು ತಿರುಗುತ್ತದೆ. ಟೈಮಿಂಗ್ ಏರಿಸಿದರೆ ಇನ್ನೂ ಜಾಸ್ತಿ.

ಈ ಟೈಮಿಂಗ್ ಏನು ಮಾಡುತ್ತದೆ ಅಂತ ತಿಳಿಯದೆ ಎಂಡ್‌ಬೆಲ್ (ಮೋಟರಿನ ಹಿಂದಿನ ಮುಚ್ಚಳ) ತಿರುಗಿಸಬಾರದು. ಕಾಯಿಲ್‌ಗೆ ಕರೆಂಟ್ ಬಿಟ್ಟ ಕೂಡಲೇ ಅದು ಪೂರ್ತಿ ಏರುವುದಿಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ. ನಿಧಾನವಾಗಿ ತಿರುಗುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ವೇಗ ಹೆಚ್ಚಿದಾಗ ಕರೆಂಟ್ ಏರುವಷ್ಟರಲ್ಲಿ ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಮುಂದೆ ಹೋಗಿಬಿಟ್ಟಿರುತ್ತದೆ. ರೋಟರ್ ಎಲ್ಲಿದೆ ಅಂತ ಹೇಳುವ ಮೂರು ಸೆನ್ಸರ್‌ಗಳು ಎಂಡ್‌ಬೆಲ್ ಒಳಗಿವೆ. ಸ್ಕ್ರೂ ಸಡಿಲಿಸಿ ಅದನ್ನು ಸ್ವಲ್ಪ ತಿರುಗಿಸಿದರೆ ಕರೆಂಟ್ ಮೊದಲೇ ಹೊರಡುತ್ತದೆ. ಗರಿಷ್ಠ ವೇಗ ಏರುತ್ತದೆ. ಅದಕ್ಕೆ ಬೆಲೆಯೂ ಇದೆ: ತಿರುವಿನಿಂದ ಎದ್ದು ಬರುವಾಗಿನ ಎಳೆತ ಕಡಿಮೆಯಾಗುತ್ತದೆ, ಕರೆಂಟ್ ಜಾಸ್ತಿ ಹೀರುತ್ತದೆ, ಬಿಸಿಯಾಗುತ್ತದೆ.

ಹೊಸ ಮೋಟರ್ ಬಂದಾಗ ನಾನು ಮೊದಲು ಬಿಚ್ಚುತ್ತೇನೆ. ಬೇರಿಂಗ್ ಎರಡನ್ನೂ ತೊಳೆದು ಒಂದೊಂದು ಹನಿ ತೆಳು ಎಣ್ಣೆ ಬಿಡುತ್ತೇನೆ. ರೋಟರಿನ ಎರಡೂ ಕಡೆ ಇರುವ ಶಿಮ್‌ಗಳನ್ನು (ತೆಳು ಬಿಲ್ಲೆಗಳು) ನೋಡುತ್ತೇನೆ. ರೋಟರ್ ಅಯಸ್ಕಾಂತ ಅಲ್ವಾ, ಅದು ತಾನಾಗಿಯೇ ಸ್ಟೇಟರಿನ (ಸುತ್ತಲೂ ಇರುವ, ತಂತಿ ಸುತ್ತಿದ ಭಾಗ) ನಡುವೆ ಹೋಗಿ ನಿಲ್ಲಲು ನೋಡುತ್ತದೆ. ಶಿಮ್‌ಗಳು ಅದಕ್ಕೆ ಅಡ್ಡ ಬಂದರೆ ಬೇರಿಂಗಿನ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ. ಶಾಫ್ಟನ್ನು ಬೆರಳಿನಿಂದ ತಳ್ಳಿದಾಗ ಕೂದಲೆಳೆಯಷ್ಟು ಸರಿದು, ಬಿಟ್ಟಾಗ ವಾಪಸ್ ಬರಬೇಕು. ಅಷ್ಟಾಗುವವರೆಗೆ ಶಿಮ್ ಆಚೀಚೆ ಬದಲಿಸುತ್ತೇನೆ. ಬೆಸುಗೆಗೆ ದೊಡ್ಡ ತುದಿಯ ಬಿಸಿ ಕಾವಿ ಬೇಕು. ಎ, ಬಿ, ಸಿ ಮೂರೂ ತಂತಿ ಅದದರ ಜಾಗಕ್ಕೇ ಹೋಗಬೇಕು. ಸೆನ್ಸರ್ಡ್ ಮೋಟರಿನಲ್ಲಿ ತಂತಿ ಅದಲುಬದಲಾದರೆ ಮೋಟರ್ ನಡುಗುತ್ತದೆ, ಸ್ಪೀಡ್ ಕಂಟ್ರೋಲರ್ ಸುಟ್ಟುಹೋಗಬಹುದು.

ಆಮೇಲೆ ಚೆಕ್ಕರ್, ಅಂದರೆ ಮೋಟರನ್ನು ತಿರುಗಿಸಿ ಅಳೆಯುವ ಸಣ್ಣ ಯಂತ್ರ. ಎಂಡ್‌ಬೆಲ್ ಮೇಲೆ ಅಚ್ಚು ಹಾಕಿದ ಡಿಗ್ರಿಯನ್ನು ನಾನು ನಂಬುವುದಿಲ್ಲ. ಒಂದೇ ಗೆರೆಗೆ ಇಟ್ಟ ಎರಡು ಮೋಟರ್ ಚೆಕ್ಕರಿನಲ್ಲಿ ಬೇರೆ ಬೇರೆ ಡಿಗ್ರಿ ತೋರಿಸುತ್ತವೆ. ಸೆನ್ಸರ್ ಬೋರ್ಡ್ ಕೂತಿರುವ ಜಾಗದಲ್ಲಿ ಚೂರು ವ್ಯತ್ಯಾಸವಾದರೂ ಸಾಕು. ಡಿಗ್ರಿ, ಸುತ್ತಿನ ವೇಗ, ಕರೆಂಟ್ ಮೂರನ್ನೂ ಬರೆದಿಡುತ್ತೇನೆ. ಒಂದು ವಿಷಯ ನೆನಪಿರಲಿ. ಚೆಕ್ಕರ್ ತಿರುಗಿಸುವುದು ಭಾರವಿಲ್ಲದ ಮೋಟರನ್ನು. ಟೈಮಿಂಗ್ ಏರಿಸಿದಷ್ಟೂ ಅಲ್ಲಿ ಸುತ್ತು ಏರುತ್ತಲೇ ಹೋಗುತ್ತದೆ. ನೋಡಲು ಬಲು ಚೆಂದ. ಒಂದೂವರೆ ಕಿಲೋಗೂ ಹೆಚ್ಚು ತೂಕದ ಬಗ್ಗಿಯನ್ನು ಸಡಿಲ ಮಣ್ಣಿನಲ್ಲಿ ಎಳೆಯುವ ಕಷ್ಟ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಕೆಲಸ ನಡೆಯುವುದು ಟ್ರ್ಯಾಕಿನಲ್ಲೇ. ನನ್ನ ಬಗ್ಗಿಯ ಗೇರ್‌ಬಾಕ್ಸಿನ ಒಳ ಅನುಪಾತ 2.6. ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) 72 ಹಲ್ಲು, ಪಿನಿಯನ್ 26 ಹಲ್ಲು ಹಾಕಿದರೆ 72ನ್ನು 26ರಿಂದ ಭಾಗಿಸಿ 2.6ರಿಂದ ಗುಣಿಸಬೇಕು: 7.2. ಚಕ್ರ ಒಂದು ಸುತ್ತು ಹಾಕಲು ಮೋಟರ್ 7.2 ಸುತ್ತು ತಿರುಗುತ್ತದೆ. ಪಿನಿಯನ್‌ಗೆ ಒಂದೇ ಹಲ್ಲು ಏರಿಸಿ 27 ಮಾಡಿದರೆ 6.93. ಒಂದು ಹಲ್ಲು ಅಂದರೆ ಸಣ್ಣ ಬದಲಾವಣೆ ಅನಿಸುತ್ತದೆ. ಬಿಸಿಯಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ನನ್ನ ಕ್ರಮ ಹೀಗೆ. ಟೈಮಿಂಗ್ ನಡುಮಟ್ಟದಲ್ಲಿ ಇಟ್ಟು, ಸಣ್ಣ ಪಿನಿಯನ್‌ನಿಂದ ಶುರುಮಾಡಿ ಪೂರ್ತಿ ಐದು ನಿಮಿಷ ಓಡಿಸುತ್ತೇನೆ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ನಾನು ನೋಡುವುದು ಅತಿ ವೇಗದ ಲ್ಯಾಪನ್ನಲ್ಲ, ಮೊದಲ ನಿಮಿಷದ ಲ್ಯಾಪಿಗೂ ಐದನೇ ನಿಮಿಷದ ಲ್ಯಾಪಿಗೂ ಇರುವ ಅಂತರವನ್ನು. ತಾಮ್ರದ ತಂತಿ 50 ಡಿಗ್ರಿ ಬಿಸಿಯೇರಿದರೆ ಅದರ ರೋಧ ಹತ್ತಿರ ಹತ್ತಿರ 20% ಏರುತ್ತದೆ. ಬಿಸಿಗೆ ರೋಟರಿನ ಅಯಸ್ಕಾಂತವೂ ಸೋಲುತ್ತದೆ. ಮೊದಲ ನಿಮಿಷದಲ್ಲಿ ಹಾರುವ ಕಾರು ಕೊನೆಗೆ ಡಬಲ್ ಜಂಪ್ ದಾಟಲಾರದೆ ಗುಡ್ಡೆಗೆ ಬಡಿಯುವುದು ಇದರಿಂದಲೇ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ನಾನು ಮೋಟರಿನ ಕ್ಯಾನ್ (ಹೊರಕವಚ) ಮೇಲೆ ಚೂರು ಕಪ್ಪು ಟೇಪ್ ಅಂಟಿಸಿಟ್ಟು, ಯಾವಾಗಲೂ ಅಲ್ಲೇ ಅಳೆಯುತ್ತೇನೆ. ಕಾರು ನಿಂತ ಕೂಡಲೇ ಒಮ್ಮೆ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಒಳಗಿನ ಬಿಸಿ ಹೊರಗೆ ಬರಲು ಹೊತ್ತು ಬೇಕು, ಎರಡನೇ ಸಲ ಜಾಸ್ತಿಯೇ ಇರುತ್ತದೆ. 70 ಡಿಗ್ರಿ ಸೆಲ್ಸಿಯಸ್ ನನ್ನ ಗಡಿ. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಕ್ಕೆ 80ರ ಆಸುಪಾಸಿನಿಂದಲೇ ಕಷ್ಟ ಶುರು. ರೇಸ್ ಮೋಟರಿನದು ಇನ್ನೂ ಮೇಲಿನ ದರ್ಜೆ ಇರಬಹುದು, ಆದರೂ ಅದನ್ನು ಪರೀಕ್ಷೆ ಮಾಡುವ ಮನಸ್ಸು ನನಗಿಲ್ಲ. ಹೊರದೇಶದವರು ಬರೆದ ಗೇರ್ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳುವುದೂ ಬೇಡ. ಅದು ಚಳಿಗಾಲದಲ್ಲಿ ಒಳಾಂಗಣದ ಕಾರ್ಪೆಟ್ ಟ್ರ್ಯಾಕಿಗೆ ಬರೆದದ್ದಿರಬಹುದು. ನಮ್ಮಲ್ಲಿ ಮಾರ್ಚ್ ಮಧ್ಯಾಹ್ನದ ಬಿಸಿಲು. ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಗಾಳಿ ಸ್ವಲ್ಪ ತೆಳು, ಫ್ಯಾನ್ ತಂಪು ಮಾಡುವುದೂ ಅಷ್ಟೇ ಕಡಿಮೆ.

ಬಿಸಿ 60ರ ಒಳಗಿದ್ದರೆ ಪಿನಿಯನ್ ಒಂದು ಹಲ್ಲು ಏರಿಸುತ್ತೇನೆ. ಉದ್ದದ ನೇರ ದಾರಿಯಲ್ಲಿ ಅರ್ಧಕ್ಕೇ ಮೋಟರ್ ಕೂಗು ಏರುವುದು ನಿಂತರೆ, ಟೈಮಿಂಗ್ ಎರಡು ಡಿಗ್ರಿ ಏರಿಸಿ ನೋಡುತ್ತೇನೆ. ಟೈಮಿಂಗ್ ಏರಿಸಿದಾಗ ಬಿಸಿ ಗಡಿ ಮುಟ್ಟಿದರೆ ಪಿನಿಯನ್ ಒಂದು ಹಲ್ಲು ಇಳಿಸುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ತುಂಬಿದ ಬ್ಯಾಟರಿ. ಸಣ್ಣ, ತಿರುವು ಜಾಸ್ತಿ ಇರುವ ಟ್ರ್ಯಾಕಿನಲ್ಲಿ ನನಗೆ ಯಾವಾಗಲೂ ಕಡಿಮೆ ಟೈಮಿಂಗೇ ಒಳ್ಳೆಯ ಸಮಯ ಕೊಟ್ಟಿದೆ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ. ಅವರ ಕಾರಿನಲ್ಲೇ ಇಳಿಸಿ, ಲ್ಯಾಪ್ ಸಮಯ ತೋರಿಸಬೇಕು.

ಕೆಂಪು ಧೂಳು ಬೇರಿಂಗಿಗೆ ಹೋಗುತ್ತದೆ, ರೇಸ್ ದಿನ ಮುಗಿದ ಮೇಲೆ ಬ್ರಶ್ ಮಾಡಿ ಎಣ್ಣೆ ಬಿಡಲೇಬೇಕು. ಆಗಾಗ ಮತ್ತೆ ಚೆಕ್ಕರಿಗೆ ಹಾಕಿ ಹಳೆಯ ಬರಹದ ಜೊತೆ ಹೋಲಿಸುತ್ತೇನೆ. ಅದೇ ಟೈಮಿಂಗಿನಲ್ಲಿ ಸುತ್ತೂ ಏರಿದೆ, ಕರೆಂಟೂ ಏರಿದೆ ಅಂದರೆ ಖುಷಿಪಡಬೇಡಿ. ಮೋಟರ್ ಚುರುಕಾಗಿಲ್ಲ, ರೋಟರಿನ ಅಯಸ್ಕಾಂತ ಸೊರಗಿದೆ. ಆಗ ಮೋಟರ್ ಬಿಸಾಡುವ ಅಗತ್ಯ ಇಲ್ಲ, ರೋಟರ್ ಒಂದನ್ನೇ ಬದಲಿಸುತ್ತೇನೆ. ಅದು ಬೇರೆ ಅಯಸ್ಕಾಂತ, ಅದರ ಗುಣವೂ ಬೇರೆ. ಹಾಗಾಗಿ ಶಿಮ್ ನೋಡಿ, ಚೆಕ್ಕರಿಗೆ ಹಾಕಿ, ಪಿನಿಯನ್ ಮತ್ತೆ 26ರಿಂದಲೇ ಶುರುಮಾಡುತ್ತೇನೆ.