ಅರ್ಧ ಸುತ್ತಿನ ಸ್ಕ್ರೂ

‘ಗ್ಯಾಸ್ ಇಂಜಿನಿಯರ್ ಆದೆ’ ಎಂದು ಊರಿಗೆ ಫೋನ್ ಮಾಡಿದಾಗ ಅಣ್ಣ ನನ್ನನ್ನು ಯಾವುದೋ ತೈಲ ಕಂಪನಿಯ ಆಫೀಸರ್ ಎಂದುಕೊಂಡು ಬೀದಿಗೆಲ್ಲ ಸಿಹಿ ಹಂಚಿದ್ದ. ಇಂಗ್ಲೆಂಡಿನಲ್ಲಿ ಆ ಹೆಸರು ವ್ಯಾನ್ ಓಡಿಸಿಕೊಂಡು ಮನೆಮನೆಗೆ ಹೋಗಿ ನೀರು, ಮನೆ ಕಾಯಿಸುವ ಬಾಯ್ಲರ್, ಒಲೆ, ಪೈಪು ನೋಡುವವನದು. ಸಿಹಿ ತಿಂದವರಿಗೆ ಇದನ್ನು ಯಾರೂ ತಿಳಿಸಿಲ್ಲ, ನಾನೂ ತಿಳಿಸಲು ಹೋಗಿಲ್ಲ.

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ವರ್ಷ ಫ್ಯಾಕ್ಟರಿಯ ಮೇಂಟೆನೆನ್ಸ್‌ನಲ್ಲಿ ದುಡಿದವನು ನಾನು. ಹೆಂಡತಿಗೆ ಲೆಸ್ಟರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಜೊತೆ ಬಂದೆ. ಸ್ಪ್ಯಾನರ್ ಹಿಡಿದ ಕೈ, ಇದೇನು ಮಹಾ ಎನ್ನಿಸಿತ್ತು. ಇಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿಲ್ಲದವನು ದುಡ್ಡು ಪಡೆದು ಗ್ಯಾಸ್ ಪೈಪಿನ ಕೆಲಸ ಮಾಡಿದರೆ ಅಪರಾಧ. 2009ರ ಏಪ್ರಿಲ್‌ನಿಂದ ಈ ರಿಜಿಸ್ಟರ್ ಇದೆ, ಅದಕ್ಕೂ ಮೊದಲು ಕೊರ್ಗಿ ಅಂತ ಇತ್ತು. ರಿಜಿಸ್ಟರ್‌ನವರು ಕೊಡುವ ಕಾರ್ಡಿನ ಹಿಂಬದಿಯಲ್ಲಿ ಯಾವ್ಯಾವುದಕ್ಕೆ ಕೈ ಹಾಕಬಹುದೆಂಬ ಪಟ್ಟಿ: ಬಾಯ್ಲರ್‌ಗೆ ಬೇರೆ, ಒಲೆಗೆ ಬೇರೆ, ಕೋಣೆ ಬಿಸಿಮಾಡುವ ಗ್ಯಾಸ್ ಫೈರ್‌ಗೆ ಬೇರೆ. ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು.

ತರಬೇತಿ ಕೇಂದ್ರದ ಪಾಠವನ್ನು ನಾನು ಕಡೆಗಣಿಸುವುದಿಲ್ಲ. ಮೊದಲ ದಿನವೇ ಮೇಷ್ಟ್ರು ಒಂದು ಹಿತ್ತಾಳೆ ನಟ್ಟನ್ನು ಕ್ಲಾಸಿನಲ್ಲಿ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ರೊನಾನ್ ಪಾಯಿಂಟ್ ಕತೆ ಹೇಳಿದರು. 1968ರ ಮೇ 16, ಪೂರ್ವ ಲಂಡನ್ನಿನ 22 ಅಂತಸ್ತಿನ ಕಟ್ಟಡ. ಬೆಳಗಿನ ಜಾವ 18ನೇ ಅಂತಸ್ತಿನಲ್ಲಿ ಒಬ್ಬ ಹೆಂಗಸು ಟೀ ಇಡಲು ಕಡ್ಡಿ ಗೀರಿದ್ದೇ ತಡ, ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿಯಿತು. ನಾಲ್ವರು ಸತ್ತರು. ಒಲೆಗೆ ಗ್ಯಾಸ್ ಕೊಡುವ ಪೈಪಿನ ಕಳಪೆ ಹಿತ್ತಾಳೆ ನಟ್ ಒಡೆದಿತ್ತೆಂದು ತನಿಖೆಯಲ್ಲಿ ಗೊತ್ತಾಯಿತು. ಕೈಯಲ್ಲಿದ್ದ ನಟ್ಟನ್ನು ನಾವೆಲ್ಲ ಇನ್ನೊಂದು ಸಲ ತಿರುಗಿಸಿ ನೋಡಿದೆವು.

ಆದರೆ ಅಲ್ಲಿನ ಬಾಯ್ಲರ್‌ಗಳೆಲ್ಲ ಪ್ಲೈವುಡ್ ಗೋಡೆಯ ಮೇಲೆ ಮದುಮಗನ ಹಾಗೆ ಕೂತಿದ್ದವು. ಪೈಪುಗಳೆಲ್ಲ ಕಣ್ಣೆದುರಿಗೆ, ಧೂಳಿಲ್ಲ, ಅಳುವ ಮಗುವಿಲ್ಲ. ನನ್ನಂಥ ಹೊಸಬ ಪರೀಕ್ಷೆಗೆ ಕೂರಬೇಕಾದರೆ ನೋಂದಾಯಿತ ಇಂಜಿನಿಯರ್ ಒಬ್ಬರ ಕೈಕೆಳಗೆ ನಿಜವಾದ ಮನೆಗಳಲ್ಲಿ ಕೆಲಸ ಮಾಡಿ, ಒಂದೊಂದಕ್ಕೂ ಫೋಟೊ, ಸಹಿ ಸೇರಿಸಿ ಪೋರ್ಟ್‌ಫೋಲಿಯೊ ಒಪ್ಪಿಸಬೇಕು. ಒಳ್ಳೆಯ ನಿಯಮವೇ. ಆದರೆ ಹೊಸಬನನ್ನು ಜೊತೆಗೆ ಸೇರಿಸಿಕೊಳ್ಳಬೇಕೆಂದು ಆ ಇಂಜಿನಿಯರ್‌ಗೆ ಯಾರೂ ಹೇಳಿಲ್ಲ. ನಾನು ಸೇರಿದ ಕೇಂದ್ರದವರು ‘ಪ್ಲೇಸ್‌ಮೆಂಟ್ ನಮ್ಮ ಜವಾಬ್ದಾರಿ’ ಎಂದು ಫೀಸು ಕಟ್ಟಿಸಿಕೊಂಡರು, ಆಮೇಲೆ ಕೈಗೆ ಕೊಟ್ಟಿದ್ದು ಒಂದಷ್ಟು ಫೋನ್ ನಂಬರ್. ನಲವತ್ತಕ್ಕೂ ಹೆಚ್ಚು ಜನರನ್ನು ಕೇಳಿದೆ. ‘ನೀನು ಮಾಡಿದ ಎಡವಟ್ಟಿಗೆ ನನ್ನ ಕಾರ್ಡ್ ಹೋಗಬೇಕಾ?’ ಎಂದರು ಒಬ್ಬರು. ಅವರದ್ದೂ ತಪ್ಪೆನ್ನಲಾರೆ.

ಕೊನೆಗೆ ಒಪ್ಪಿದವರು ಹದಿನಾರನೇ ವಯಸ್ಸಿಗೇ ಅಪ್ರೆಂಟಿಸ್ ಆಗಿ ಸೇರಿ ಇದರಲ್ಲೇ ಕೂದಲು ನರೆಸಿಕೊಂಡ ಲೆಸ್ಟರ್‌ನವರು. ಈ ಕಡೆಯ ರೂಢಿಯಂತೆ ಎಲ್ಲರನ್ನೂ ‘ಡಕ್’ ಎನ್ನುತ್ತಿದ್ದರು. ಬಾತುಕೋಳಿ ಎಂದು ಬೈಯುತ್ತಿದ್ದಾರೆಂದು ಮೊದಲ ವಾರ ಬೇಜಾರಾಗಿತ್ತು, ಅದು ‘ಮರಿ’ ಅಂದ ಹಾಗೆ ಎಂದು ಆಮೇಲೆ ತಿಳಿಯಿತು. ಮೊದಲ ಕೆಲಸವೇ ಗ್ಯಾಸ್ ವಾಸನೆಯ ದೂರು. ನಾನು ಒಳಗೆ ಹೋದವನೇ ಮಂಡಿಯೂರಿ ನೆಲದ ಹತ್ತಿರ ಮೂಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ನಮ್ಮ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಅಮ್ಮ ಹಾಗೆ ಬಗ್ಗಿ ಮೂಸುವುದನ್ನೇ ನೋಡುತ್ತ ಬೆಳೆದವನು ನಾನು. ಇಲ್ಲಿ ಪೈಪಿನಲ್ಲಿ ಬರುವುದು ಮೀಥೇನ್, ಹಗುರ, ಸೂರಿನ ಕಡೆ ಏರುತ್ತದೆ. ಕ್ಲಾಸಿನ ಟೆಸ್ಟಿನಲ್ಲಿ ಈ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಬರೆದವನು, ಮೊಣಕಾಲಿಗೆ ಅದು ಗೊತ್ತಿರಲಿಲ್ಲ.

ಇನ್ನೊಂದು ಮನೆ ನೆನಪಾಗುತ್ತದೆ. ಹೊಸ ಬಾಯ್ಲರ್ ಕೂರಿಸಬೇಕಿತ್ತು. ಮೀಟರ್ ಮುಂಬಾಗಿಲಲ್ಲಿ, ಬಾಯ್ಲರ್ ಹಿತ್ತಲ ಕೋಣೆಯಲ್ಲಿ, ನಡುವೆ ಪೂರ್ತಿ 15 ಮಿಲಿಮೀಟರ್ ತಾಮ್ರದ ಪೈಪು. ಮೀಟರಿನಲ್ಲಿ ಒತ್ತಡ ಸುಮಾರು 21 ಮಿಲಿಬಾರ್, ಬಾಯ್ಲರ್ ತಲುಪುವಷ್ಟರಲ್ಲಿ 1ಕ್ಕಿಂತ ಹೆಚ್ಚು ಬೀಳದಂತೆ ಪೈಪಿನ ಅಳತೆ ಆರಿಸಬೇಕು. ಇಲ್ಲಿ 3 ಬೀಳುತ್ತಿತ್ತು. ಕ್ಲಾಸಿನಲ್ಲಾದರೆ ‘22 ಮಿಲಿಮೀಟರ್ ಪೈಪ್ ಹಾಕಬೇಕು’ ಎಂದು ಬರೆದರೆ ಪೂರ್ತಿ ಅಂಕ. ಇಲ್ಲಿ, ಹೋದ ತಿಂಗಳಷ್ಟೇ ಮರದ ನೆಲ ಹಾಕಿಸಿಕೊಂಡು ಕಾಲಿಗೆ ಚಪ್ಪಲಿಯನ್ನೂ ಹಾಕದೆ ಓಡಾಡುತ್ತಿದ್ದ ಮನುಷ್ಯನಿಗೆ ಆ ನೆಲ ಕೀಳಬೇಕೆಂದು ಹೇಳಬೇಕು. ನಾನು ತೊದಲಿದೆ. ಗುರುಗಳು ಆತನನ್ನು ಗೇಜಿನ ಮುಂದೆ ಕೂರಿಸಿ, ಬಾಯ್ಲರ್ ಪೂರ್ತಿ ಉರಿಯುವಾಗ ಅಂಕಿ ಇಳಿಯುವುದನ್ನು ತೋರಿಸಿದರು. ವಾದ ಮಾಡಲಿಲ್ಲ. ಆತನೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಹೊರಗಿಂದ ಪೈಪ್ ತರಬಹುದಾ ಎಂದು ಕೇಳಿದ. ಬಂತು.

ಪರೀಕ್ಷೆ ಪಾಸಾಗಿ ಕಾರ್ಡ್ ಬಂದ ಮೇಲೂ ಸ್ವಂತ ವ್ಯಾನ್ ಕೊಳ್ಳದೆ ಹದಿನಾಲ್ಕು ತಿಂಗಳು ಅವರಲ್ಲೇ ಸಂಬಳಕ್ಕಿದ್ದೆ. ಬಾಡಿಗೆ ಮನೆಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯವಾಗಿರುವ ಗ್ಯಾಸ್ ತಪಾಸಣೆಯನ್ನೇ ಹೆಚ್ಚಾಗಿ ಕೇಳಿ ಪಡೆದೆ. ಆದಾಯ ಕಡಿಮೆ, ಆದರೆ ದಿನಕ್ಕೆ ನಾಲ್ಕೈದು ಬಗೆಯ ಬಾಯ್ಲರ್ ಕಣ್ಣಿಗೆ ಬೀಳುತ್ತವೆ. ಹೊಸಬರು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ಆ ದಿನಗಳಲ್ಲೇ ಬೆಲ್‌ಗ್ರೇವ್ ರಸ್ತೆಯ ಬಳಿ ಒಬ್ಬ ಗುಜರಾತಿ ಅಜ್ಜಿಯ ಮನೆಗೆ ಒಲೆ ಕೂರಿಸಲು ಒಬ್ಬನೇ ಹೋಗಿದ್ದೆ. 1972ರಲ್ಲಿ ಉಗಾಂಡ ಬಿಟ್ಟು ಬಂದವರು. ಕೆಲಸದುದ್ದಕ್ಕೂ ‘ಬೇಟಾ, ಥೇಪ್ಲಾ ತಿನ್ನು’ ಎಂಬ ಒತ್ತಾಯ. ಒಲೆ ಕೂರಿಸಿ, ಪೈಪು ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವ ಟೈಟ್‌ನೆಸ್ ಟೆಸ್ಟ್ ಮಾಡಿದೆ. ಮೀಟರಿನ ಮೇಲಿರುವ ಟೆಸ್ಟ್ ಪಾಯಿಂಟಿನ ಸ್ಕ್ರೂ ಸಡಿಲಿಸಿ, ನೀರು ತುಂಬಿದ ‘ಯು’ ಆಕಾರದ ಗೇಜಿನ ರಬ್ಬರ್ ನಳಿಗೆ ಸಿಕ್ಕಿಸಬೇಕು. ಮೊದಲು 10 ಮಿಲಿಬಾರ್‌ವರೆಗೆ ಏರಿಸಿ, ಮೀಟರಿನ ಗ್ಯಾಸ್ ನಲ್ಲಿ ಮುಚ್ಚಿ ಒಂದು ನಿಮಿಷ ಕಾಯಬೇಕು. ನೀರು ಮೇಲೇರಿದರೆ ನಲ್ಲಿಯೇ ಗ್ಯಾಸ್ ಬಿಡುತ್ತಿದೆ ಎಂದರ್ಥ. ಆಮೇಲೆ 20ಕ್ಕೆ ಏರಿಸಿ, ಒಂದು ನಿಮಿಷ ನೆಲೆನಿಲ್ಲಲು ಬಿಟ್ಟು, ಮುಂದಿನ ಎರಡು ನಿಮಿಷ ನೀರಿನ ಗೆರೆಯ ಮೇಲೇ ಕಣ್ಣು. ಅಲುಗಲಿಲ್ಲ. ಖುಷಿಯಾಯಿತು. ಥೇಪ್ಲಾ ತಿಂದೆ, ಒಲೆ ಹಚ್ಚಿ ತೋರಿಸಿದೆ, ಹೊರಟೆ.

ಆರು ಮೈಲಿ ದಾಟಿದ ಮೇಲೆ ಸಿಗ್ನಲ್‌ನಲ್ಲಿ ಎದೆ ಧಸಕ್ಕೆಂದಿತು. ನಳಿಗೆ ಕಿತ್ತದ್ದು ನೆನಪಿದೆ, ಸ್ಕ್ರೂ ಬಿಗಿ ಮಾಡಿದ್ದು ನೆನಪಿಲ್ಲ. ವ್ಯಾನ್ ತಿರುಗಿಸಿದೆ. ಅಜ್ಜಿಗೆ ‘ಟಾರ್ಚ್ ಮರೆತೆ’ ಎಂದು ಸುಳ್ಳು ಹೇಳಿ ಮೀಟರ್ ಕಪಾಟು ತೆಗೆದೆ. ಸ್ಕ್ರೂ ಬೆರಳಿನಲ್ಲಿ ತಿರುಗಿಸಿದಷ್ಟೇ ಕೂತಿತ್ತು. ಸೋರಿಕೆ ಪತ್ತೆಯ ದ್ರವ ಹಚ್ಚಿದೆ: ಸಾಸಿವೆ ಗಾತ್ರದ ಗುಳ್ಳೆಗಳು, ಒಂದಾದ ಮೇಲೊಂದು. ಸ್ಕ್ರೂಡ್ರೈವರ್‌ನಲ್ಲಿ ಅರ್ಧ ಸುತ್ತು, ಅಷ್ಟೇ, ನಿಂತವು. ಟೆಸ್ಟ್ ಪಾಸಾಗಿದ್ದ ಪೈಪಿನಲ್ಲಿ ಸೋರಿದ್ದು ಟೆಸ್ಟ್ ಮಾಡಲು ನಾನೇ ತೆರೆದ ತೂತು. ಅದಕ್ಕೇ ಕೊನೆಯಲ್ಲಿ ಅಲ್ಲಿಗೂ ದ್ರವ ಹಚ್ಚಿ ನೋಡಬೇಕೆಂದು ಕಲಿಸಿದ್ದರು, ನಾನು ಬರೆದೂ ಇಟ್ಟುಕೊಂಡಿದ್ದೆ.

ಸಂಜೆ ಗುರುಗಳಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ‘ವಾಪಸ್ ಹೋದೆ ತಾನೆ, ಡಕ್?’ ಎಂದು ಕೇಳಿ, ಮರುದಿನದಿಂದ ಒಂದು ತಿಂಗಳು ನನ್ನ ಪ್ರತಿ ಕೆಲಸದ ಕೊನೆಗೆ ಆ ಗುಳ್ಳೆಯಿಲ್ಲದ ಸ್ಕ್ರೂವಿನ ಫೋಟೊ ಕಳಿಸಲು ಹೇಳಿದರು.

ತಿಂಗಳು ಮುಗಿದ ಮೇಲೆ ಫೋಟೊ ನಿಲ್ಲಿಸಿದೆ, ಆದರೆ ನನ್ನ ಜಾಬ್ ಶೀಟಿನ ತಳದಲ್ಲಿ ಕೈಯಲ್ಲೇ ಒಂದು ಚೌಕ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ‘ಸ್ಕ್ರೂ’ ಎಂದು ಬರೆಯಲು ಶುರುಮಾಡಿದೆ. ಸ್ವಂತ ಕೆಲಸ ಆರಂಭಿಸಿದ ಮೇಲೆ ರಿಜಿಸ್ಟರ್‌ನ ಇನ್‌ಸ್ಪೆಕ್ಟರ್ ನನ್ನ ಕೆಲಸ ನೋಡಲು ಬಂದಾಗ ಶೀಟಿನ ಮೇಲೆ ಬೆರಳಿಟ್ಟು ಇದೇನು ಭಾಷೆ ಎಂದರು. ಹೇಳಿದೆ. ಅರ್ಥ ಕೇಳಿದರು. ಅದನ್ನೂ ಹೇಳಿದೆ. ಆತ ಏನೂ ಮಾತಾಡದೆ ಮೀಟರ್ ಕಪಾಟಿನ ಕಡೆ ನಡೆದು, ಮೊದಲು ಆ ಸ್ಕ್ರೂವಿಗೇ ದ್ರವ ಹಚ್ಚಿದರು.